ಪುರೋಹಿತರಿಲ್ಲದ ಮದುವೆ: ಅರ್ಥವಾದ ಮಾತಿಗೇ ಸಾಕ್ಷಿ

ಆಂಧ್ರ–ಕರ್ನಾಟಕ ಗಡಿಯ ನಮ್ಮ ಸೀಮೆಯಲ್ಲಿ ಹಿಂದೂಪುರದ ಹುಡುಗಿ, ಕಲ್ಯಾಣದುರ್ಗದ ಹುಡುಗ ಎಂದಿಟ್ಟುಕೊಳ್ಳಿ. ಒಬ್ಬರ ಮನೆಮಾತು ಕನ್ನಡ, ಇನ್ನೊಬ್ಬರದು ತೆಲುಗು. ಜಾತಿ ಬೇರೆ ಇರಬಹುದು, ಇಬ್ಬರಿಗೂ ದೇವರಲ್ಲಿ ನಂಬಿಕೆ ಇಲ್ಲದಿರಬಹುದು, ನಂಬಿಕೆ ಇದ್ದೂ ಅರ್ಥ ತಿಳಿಯದ ಮಂತ್ರಕ್ಕೆ ತಲೆಬಾಗಲು ಮನಸ್ಸು ಒಪ್ಪದಿರಬಹುದು. "ಪುರೋಹಿತರು ಬೇಡ, ಮುಹೂರ್ತ ಬೇಡ, ಹೋಮ ಬೇಡ" ಎಂದು ಅವರು ಮನೆಯಲ್ಲಿ ಹೇಳುತ್ತಾರೆ. ಸಿಟ್ಟು, ಅಳು ಎಲ್ಲ ತಣ್ಣಗಾದ ಮೇಲೆ ಹಿರಿಯರು ಕೇಳುವುದು ಬಲು ಸರಳವಾದ ಪ್ರಶ್ನೆ: "ಆಯ್ತಪ್ಪ, ಮತ್ತೆ ಚಪ್ಪರದ ಕೆಳಗೆ ನಡೆಯೋದೇನು? ಬಂದೋರು ಏನು ನೋಡ್ಬೇಕು? ಅಕ್ಷತೆ ಹಾಕೋದು ಯಾವಾಗ?"

ಈ ಪ್ರಶ್ನೆಯನ್ನು ಹಳೆಯ ಕಾಲದವರ ತಕರಾರು ಎಂದು ತಳ್ಳಿಹಾಕುವ ಯುವಕರು ದೊಡ್ಡ ತಪ್ಪು ಮಾಡುತ್ತಾರೆ. ಧಾರ್ಮಿಕವಲ್ಲದ ಮದುವೆಯ ಇಡೀ ಸವಾಲು ಅದರಲ್ಲೇ ಇದೆ. ಪುರೋಹಿತರನ್ನು ಬಿಟ್ಟ ಮಾತ್ರಕ್ಕೆ ಅವರು ಮಾಡುತ್ತಿದ್ದ ಕೆಲಸ ಇಲ್ಲವಾಗುವುದಿಲ್ಲ, ಅದು ಮದುವೆಯಾಗುವವರ ಹೆಗಲಿಗೆ ಬರುತ್ತದೆ. ಆ ಕೆಲಸವೇನು, ಅದನ್ನು ಹೇಗೆ ಹೊರಬೇಕು ಎಂಬುದನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಒಂದು ಮದುವೆಯಲ್ಲಿ ಮೂರು ಸಂಗತಿಗಳು ನಡೆಯುತ್ತವೆ. ಇಬ್ಬರು ಪರಸ್ಪರ ಮಾತು ಕೊಡುತ್ತಾರೆ. ಆ ಮಾತಿಗೆ ಬಂಧುಬಳಗ ಸಾಕ್ಷಿಯಾಗುತ್ತದೆ. ಸರ್ಕಾರ ಆ ಸಂಬಂಧವನ್ನು ಗುರುತಿಸಿ, ಆಸ್ತಿ, ಪಿಂಚಣಿ, ಮಕ್ಕಳು, ವಿಚ್ಛೇದನದಂಥ ವಿಷಯಗಳಲ್ಲಿ ಹಕ್ಕು ಕೊಡುತ್ತದೆ. ಸಾಂಪ್ರದಾಯಿಕ ಮದುವೆಯಲ್ಲಿ ಈ ಮೂರೂ ಒಂದೇ ಮುಹೂರ್ತದಲ್ಲಿ ಆಗಿಹೋಗುವುದರಿಂದ ಯಾವುದು ಯಾವುದೆಂದು ಯಾರೂ ಯೋಚಿಸುವುದಿಲ್ಲ. ಸ್ವಂತವಾಗಿ ಮದುವೆ ಕಟ್ಟಲು ಹೊರಟವರು ಮೂರನ್ನೂ ಬೇರೆಬೇರೆಯಾಗಿ ನೋಡಿ, ಒಂದೊಂದಕ್ಕೂ ವ್ಯವಸ್ಥೆ ಮಾಡಿಕೊಳ್ಳಬೇಕು.

ಇದು ನಿನ್ನೆ ಮೊನ್ನೆಯ ಹುಚ್ಚಲ್ಲ

"ಇದೆಲ್ಲ ಪಟ್ಟಣದ ಫ್ಯಾಷನ್ನು" ಎನ್ನುವವರಿಗೆ ಚರಿತ್ರೆ ಬೇರೆಯೇ ಉತ್ತರ ಕೊಡುತ್ತದೆ. ಜ್ಯೋತಿಬಾ ಫುಲೆ ಪುಣೆಯಲ್ಲಿ ಸತ್ಯಶೋಧಕ ಸಮಾಜ ಕಟ್ಟಿದ್ದು 1873ರಲ್ಲಿ. ಅದೇ ವರ್ಷವೇ ಬ್ರಾಹ್ಮಣ ಪುರೋಹಿತರಿಲ್ಲದ ಮದುವೆ ಆ ಸಮಾಜದಲ್ಲಿ ನಡೆಯಿತು. ತೆಲುಗು ನಾಡಿನಲ್ಲಿ ತ್ರಿಪುರನೇನಿ ರಾಮಸ್ವಾಮಿ ಚೌದರಿ (1887–1943) ಸಂಸ್ಕೃತ ಮಂತ್ರಗಳ ಜಾಗದಲ್ಲಿ ತೆಲುಗಿನಲ್ಲೇ ಮದುವೆ ನಡೆಸಲು 'ವಿವಾಹ ವಿಧಿ' ಎಂಬ ಪುಸ್ತಕ ಬರೆದು, ತಾವೇ ನಿಂತು ಮದುವೆಗಳನ್ನು ಮಾಡಿಸಿದರು. ತೆಲುಗು ಮನೆಗಳಲ್ಲಿ ಇವತ್ತಿಗೂ ಕೇಳಿಬರುವ 'ದಂಡಲ ಪೆಳ್ಳಿ', ಅಂದರೆ ಹಾರ ಬದಲಾಯಿಸಿ ಆಗುವ ಮದುವೆ, ಎಡಪಂಥೀಯರ ಮತ್ತು ವಿಚಾರವಾದಿಗಳ ಮನೆಗಳಲ್ಲಿ ಬೇರುಬಿಟ್ಟ ಪದ್ಧತಿ.

ನಾಸ್ತಿಕ ಕೇಂದ್ರವನ್ನು 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ಆರಂಭಿಸಿ, 1947ರಲ್ಲಿ ವಿಜಯವಾಡಕ್ಕೆ ತಂದ ಗೋರಾ, ಅಂದರೆ ಗೋಪರಾಜು ರಾಮಚಂದ್ರರಾವ್, ತಮ್ಮ ಮಗಳು ಮನೋರಮಾರನ್ನು ದಲಿತ ಯುವಕ ಅರ್ಜುನರಾವ್ ಅವರಿಗೆ ಕೊಟ್ಟು ಮದುವೆ ಮಾಡಲು ನಿಶ್ಚಯಿಸಿದರು. ಆ ಮದುವೆಯನ್ನು ಸೇವಾಗ್ರಾಮದಲ್ಲಿ ನಡೆಸಿಕೊಡಲು ಗಾಂಧೀಜಿ ಒಪ್ಪಿದ್ದರು. ವಧೂವರರ ಪ್ರತಿಜ್ಞೆಯಲ್ಲಿ ದೇವರ ಹೆಸರಿರುವ ಕಡೆ 'ಸತ್ಯ' ಎಂದು ಹೇಳಿಸಲೂ ಅವರು ಸಿದ್ಧರಿದ್ದರು. ಅಷ್ಟರಲ್ಲಿ ಅವರ ಹತ್ಯೆಯಾಯಿತು. 1948ರ ಮಾರ್ಚಿನಲ್ಲಿ ಆ ಮದುವೆ ಸೇವಾಗ್ರಾಮದಲ್ಲೇ ನಡೆಯಿತು. ದಿನವೂ ಪ್ರಾರ್ಥನೆ ಮಾಡುತ್ತಿದ್ದ ಗಾಂಧೀಜಿ, ನಾಸ್ತಿಕರ ಮಗಳು ತನ್ನ ಬಾಯಿಂದ ಹುಸಿಯಾದ ಮಾತು ಆಡಬೇಕಾಗಿಲ್ಲ ಎಂದು ಒಪ್ಪಿದ್ದು ಸಣ್ಣ ಸಂಗತಿಯಲ್ಲ. ಮಗಳೋ ಮಗನೋ ಹೋಮ ಬೇಡವೆಂದಾಗ ನೊಂದುಕೊಳ್ಳುವ ಆಸ್ತಿಕ ತಂದೆತಾಯಿಗಳು ಇದನ್ನು ನೆನೆಯಬೇಕು.

ಕನ್ನಡದಲ್ಲಿ ಈ ದಾರಿಗೆ ದೊಡ್ಡ ಹೆಸರು ಕುವೆಂಪು ಅವರ ಮಂತ್ರ ಮಾಂಗಲ್ಯ. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಅವರ ಮದುವೆ ಈ ವಿಧಾನದಲ್ಲಿ ನಡೆಯಿತು. ಜಾತಿ, ಜಾತಕ, ಮುಹೂರ್ತ, ವರದಕ್ಷಿಣೆ, ಆಡಂಬರ ಇವು ಯಾವುವೂ ಅಲ್ಲಿಲ್ಲ. ಯಾರಾದರೊಬ್ಬ ಹಿರಿಯರು ಪಠ್ಯವನ್ನು ಓದುತ್ತಾರೆ, ವಧೂವರರು ತಿಳಿದು ಒಪ್ಪಿಕೊಳ್ಳುತ್ತಾರೆ. ಮುಂದೆ ತೇಜಸ್ವಿಯವರೂ, ಪ್ರೊ. ಎಂ.ಡಿ. ನಂಜುಂಡಸ್ವಾಮಿ ಮತ್ತು ರೈತಸಂಘದವರೂ ಇದನ್ನು ಹಳ್ಳಿಹಳ್ಳಿಗೆ ಒಯ್ದರು. ನಟಿ ಪೂಜಾ ಗಾಂಧಿ 2023ರಲ್ಲಿ ಇದೇ ಪದ್ಧತಿಯಲ್ಲಿ ಮದುವೆಯಾದಾಗ ಹೊಸ ತಲೆಮಾರಿನವರ ಕಿವಿಗೂ ಈ ಹೆಸರು ಬಿತ್ತು.

ಇಲ್ಲೊಂದು ಸೂಕ್ಷ್ಮವಿದೆ. ಮಂತ್ರ ಮಾಂಗಲ್ಯ ಪೌರೋಹಿತ್ಯವನ್ನೂ ಮೌಢ್ಯವನ್ನೂ ತಿರಸ್ಕರಿಸುತ್ತದೆ, ಅಧ್ಯಾತ್ಮವನ್ನು ತಿರಸ್ಕರಿಸುವುದಿಲ್ಲ. ಉಪನಿಷತ್ತಿನ ಮಂತ್ರಗಳಿಗೆ ಅಲ್ಲಿ ಜಾಗವಿದೆ, ಕನ್ನಡದಲ್ಲಿ ಅವುಗಳ ಅರ್ಥವೂ ಇದೆ. ಅದು ಒಪ್ಪುವವರಿಗೆ ಸಿದ್ಧವಾದ, ಸುಂದರವಾದ ದಾರಿ. ಯಾವ ಧಾರ್ಮಿಕ ಮಾತೂ ಬೇಡ ಎನ್ನುವವರು, ಅಥವಾ ಬೇರೆಬೇರೆ ಧರ್ಮಗಳಿಂದ ಬಂದವರು, ಅದರ ಪಠ್ಯವನ್ನು ಬಿಟ್ಟು ಚೌಕಟ್ಟನ್ನು ಇಟ್ಟುಕೊಳ್ಳಬಹುದು. ತಿಳಿಯುವ ಭಾಷೆ, ಓದಲು ಒಬ್ಬ ಹಿರಿಯರು, ಕೆಲವೇ ಕ್ರಿಯೆಗಳು, ಕಡಿಮೆ ಖರ್ಚು: ಇಷ್ಟು ಚೌಕಟ್ಟು ಯಾರಿಗಾದರೂ ಹೊಂದುತ್ತದೆ.

ಮೊದಲು ಕಾನೂನು, ಆಮೇಲೆ ಹಾರ

ಹಾರ ಬದಲಾಯಿಸಿ ಫೋಟೊ ತೆಗೆಸಿಕೊಂಡರೆ ಮದುವೆ ಆಯಿತು ಎಂದು ನಂಬಿ ಮುಂದೆ ಕಷ್ಟಕ್ಕೆ ಸಿಕ್ಕವರಿದ್ದಾರೆ. ಹೀಗೆ ಸಿಕ್ಕಿಬೀಳುವವರಲ್ಲಿ ಹೆಂಗಸರೇ ಹೆಚ್ಚು. ಆದ್ದರಿಂದ ಈ ಭಾಗವನ್ನು ನಿಧಾನವಾಗಿ ಓದಿ.

1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಮಿನ ಪ್ರಕಾರ, ವಧು ಅಥವಾ ವರನ ಕಡೆಯ ರೂಢಿಯಂತೆ ಶಾಸ್ತ್ರಗಳು ನಡೆದಿರಬೇಕು. ಸಪ್ತಪದಿ ಆ ರೂಢಿಯಲ್ಲಿದ್ದರೆ ಏಳನೆಯ ಹೆಜ್ಜೆಗೆ ಮದುವೆ ಪೂರ್ಣವಾಗುತ್ತದೆ. ಆದರೆ ತಮಿಳುನಾಡು, ಅಣ್ಣಾದೊರೆ ಮುಖ್ಯಮಂತ್ರಿಯಾಗಿದ್ದಾಗ, 1967ರಲ್ಲಿ, ಈ ಕಾಯ್ದೆಗೆ 7-ಎ ಕಲಮನ್ನು ಸೇರಿಸಿ ಪೆರಿಯಾರ್ ಅವರ ಸ್ವಾಭಿಮಾನ ಮದುವೆಗೆ ಮಾನ್ಯತೆ ಕೊಟ್ಟಿತು. ಅಲ್ಲಿ ನೆಂಟರೋ ಗೆಳೆಯರೋ ಇರುವಾಗ ಗಂಡ ಹೆಂಡತಿಯೆಂದು ಒಪ್ಪಿ ಹೇಳಿದರೂ, ಹಾರ ಹಾಕಿದರೂ, ಉಂಗುರ ತೊಡಿಸಿದರೂ, ತಾಳಿ ಕಟ್ಟಿದರೂ ಮದುವೆ ಸಿಂಧು. ಆ ಸೌಲಭ್ಯ ಆಂಧ್ರಕ್ಕಾಗಲಿ ಕರ್ನಾಟಕಕ್ಕಾಗಲಿ ಅನ್ವಯಿಸುವುದಿಲ್ಲ. ಹಿಂದೂ ವಿವಾಹ ಕಾಯ್ದೆಯ ಅಡಿ ಬೇಕಾದ ಶಾಸ್ತ್ರಗಳು ನಡೆಯದಿದ್ದರೆ ಬರೀ ಪ್ರಮಾಣಪತ್ರದಿಂದ ಮದುವೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2024ರ ಏಪ್ರಿಲ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ.

ಹಾಗಾಗಿ ಧಾರ್ಮಿಕವಲ್ಲದ ಮದುವೆಗೆ ನೇರವಾದ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಎರಡೂ ರಾಜ್ಯಗಳಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದರೆ ಕೆಲಸ ಶುರುವಾಗುತ್ತದೆ. ಹುಡುಗನಿಗೆ 21, ಹುಡುಗಿಗೆ 18 ವರ್ಷ ತುಂಬಿರಬೇಕು. ಇಬ್ಬರಲ್ಲಿ ಒಬ್ಬರಾದರೂ ಆ ಕಚೇರಿಯ ವ್ಯಾಪ್ತಿಯಲ್ಲಿ ಕನಿಷ್ಠ 30 ದಿನ ವಾಸವಿದ್ದು ನೋಟಿಸು ಕೊಡಬೇಕು. ಆ ನೋಟಿಸನ್ನು ಕಚೇರಿಯಲ್ಲಿ ಅಂಟಿಸುತ್ತಾರೆ. ಒಬ್ಬರ ಕಾಯಂ ವಿಳಾಸ ಬೇರೆ ಕಡೆಯಿದ್ದರೆ, ಉದಾಹರಣೆಗೆ ಪಾವಗಡದಲ್ಲೋ ಗೌರಿಬಿದನೂರಿನಲ್ಲೋ ಇದ್ದರೆ, ಅಲ್ಲಿಗೂ ಒಂದು ಪ್ರತಿ ಹೋಗುತ್ತದೆ. 30 ದಿನದೊಳಗೆ ತಕರಾರು ಬಾರದಿದ್ದರೆ ಮದುವೆ ಆಗಬಹುದು. ನೋಟಿಸು ಕೊಟ್ಟ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಮತ್ತೆ ಹೊಸ ನೋಟಿಸು ಬೇಕು.

ಯಾರು ಬೇಕಾದರೂ ತಕರಾರು ಹಾಕಬಹುದು, ಆದರೆ ಎಲ್ಲ ತಕರಾರಿಗೂ ಬೆಲೆಯಿಲ್ಲ. ಮೊದಲ ಸಂಬಂಧದ ಗಂಡನೋ ಹೆಂಡತಿಯೋ ಬದುಕಿರುವುದು, ವಯಸ್ಸು ಸಾಲದಿರುವುದು, ಒಪ್ಪಿಗೆ ಕೊಡುವ ಮಾನಸಿಕ ಸ್ಥಿತಿ ಇಲ್ಲದಿರುವುದು, ನಿಷಿದ್ಧ ರಕ್ತಸಂಬಂಧ: ಕಾನೂನು ಕೇಳುವುದು ಇಂಥ ಕಾರಣಗಳನ್ನು ಮಾತ್ರ. "ನಮಗೆ ಒಪ್ಪಿಗೆಯಿಲ್ಲ", "ಜಾತಿ ಬೇರೆ" ಎಂಬುವು ಕಾರಣಗಳೇ ಅಲ್ಲ. ಬೆದರಿಕೆ ಬಂದರೆ ಪೊಲೀಸರು ರಕ್ಷಣೆ ಕೊಡಲೇಬೇಕೆಂದು ಸುಪ್ರೀಂ ಕೋರ್ಟು 2018ರ ಶಕ್ತಿ ವಾಹಿನಿ ಪ್ರಕರಣದಲ್ಲಿ ಸರ್ಕಾರಗಳಿಗೆ ನಿರ್ದೇಶನ ಕೊಟ್ಟಿದೆ. ನಮ್ಮ ಸೀಮೆಯವರು ನಿಷಿದ್ಧ ಸಂಬಂಧದ ವಿಷಯದಲ್ಲಿ ಎಚ್ಚರ ವಹಿಸಬೇಕು. ಸೋದರತ್ತೆಯ ಮಕ್ಕಳು, ಸೋದರಮಾವನ ಮಕ್ಕಳು ಇಲ್ಲಿ ಮದುವೆಯಾಗುವುದು ವಾಡಿಕೆ. ವಿಶೇಷ ವಿವಾಹ ಕಾಯ್ದೆಯ ನಿಷಿದ್ಧ ಪಟ್ಟಿಯಲ್ಲಿ ಈ ಸಂಬಂಧಗಳೂ ಇವೆ, ರೂಢಿಯ ಆಧಾರದ ವಿನಾಯಿತಿಗೆ ಷರತ್ತುಗಳಿವೆ. ಸಂಬಂಧದಲ್ಲೇ ಮದುವೆಯಾಗುವವರು ಮಂಟಪ ಗೊತ್ತುಮಾಡುವ ಮೊದಲು ಅಧಿಕಾರಿಯನ್ನೋ ವಕೀಲರನ್ನೋ ಕೇಳಬೇಕು.

ಈ ಕಾಯ್ದೆಯ 12ನೇ ಕಲಮು ನಮ್ಮ ವಿಷಯಕ್ಕೆ ತೀರ ಮುಖ್ಯ. ಮದುವೆಯನ್ನು ವಧೂವರರು ತಮಗಿಷ್ಟವಾದ ಯಾವ ರೀತಿಯಲ್ಲಾದರೂ ಮಾಡಿಕೊಳ್ಳಬಹುದು ಎಂದು ಅದು ಹೇಳುತ್ತದೆ. ಕಚೇರಿಯಲ್ಲೇ ಆಗಬೇಕೆಂದಿಲ್ಲ, ಹೆಚ್ಚುವರಿ ಶುಲ್ಕ ಕಟ್ಟಿದರೆ ಸಮೀಪದ ಇನ್ನೊಂದು ಸ್ಥಳಕ್ಕೂ ಅವಕಾಶವಿದೆ. ಒಂದೇ ಒಂದು ಕಡ್ಡಾಯವಿದೆ: ವಿವಾಹಾಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರು, ತಮಗೆ ತಿಳಿಯುವ ಭಾಷೆಯಲ್ಲಿ, ಇವರನ್ನು ನನ್ನ ಕಾನೂನುಬದ್ಧ ಪತಿಯಾಗಿ ಅಥವಾ ಪತ್ನಿಯಾಗಿ ಸ್ವೀಕರಿಸುತ್ತೇನೆ ಎಂದು ಇಬ್ಬರೂ ಬಾಯಿಬಿಟ್ಟು ಹೇಳಬೇಕು. ಅಂದರೆ ಕಾನೂನಿನ ಕಣ್ಣಿನಲ್ಲೂ ಮದುವೆಯನ್ನು ಪೂರ್ಣಗೊಳಿಸುವುದು ಅರ್ಥವಾಗುವ ಒಂದು ವಾಕ್ಯವೇ.

ಹೊಲಮನೆ ಇರುವ ಕುಟುಂಬಗಳು ಆಸ್ತಿಯ ಬಗ್ಗೆ ಕೇಳುತ್ತವೆ. ಇಬ್ಬರೂ ಹಿಂದೂ, ಬೌದ್ಧ, ಸಿಖ್ ಅಥವಾ ಜೈನರಾಗಿದ್ದರೆ, 1976ರ ತಿದ್ದುಪಡಿಯ ನಂತರ, ಈ ಕಾಯ್ದೆಯಡಿ ಮದುವೆಯಾದರೂ ಅವಿಭಕ್ತ ಕುಟುಂಬದ ಹಕ್ಕು ಮತ್ತು ವಾರಸಿಕೆ ಮೊದಲಿನಂತೆಯೇ ಇರುತ್ತದೆ. ಒಬ್ಬರು ಬೇರೆ ಧರ್ಮದವರಾದರೆ ಅವಿಭಕ್ತ ಕುಟುಂಬದಿಂದ ಬೇರ್ಪಟ್ಟಂತಾಗಿ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಇದನ್ನು ಮೊದಲೇ ತಿಳಿದುಕೊಂಡರೆ ಅಣ್ಣತಮ್ಮಂದಿರ ನಡುವೆ ಮುಂದೆ ಮನಸ್ತಾಪಕ್ಕೆ ಎಡೆಯಿರುವುದಿಲ್ಲ.

ಯಾವ ಶಾಸ್ತ್ರ ಉಳಿಸಬೇಕು, ಯಾವುದು ಬಿಡಬೇಕು

ಈಗ ಹಿರಿಯರ ಪ್ರಶ್ನೆಗೆ ಬರೋಣ. ಚಪ್ಪರದ ಕೆಳಗೆ ನಡೆಯುವುದೇನು?

ಸಿನಿಮಾ ನೋಡಿ, ಮೊಬೈಲಿನಲ್ಲಿ ಹುಡುಕಿ, ಬಣ್ಣದ ಮರಳು ಬೆರೆಸುವುದು, ಎರಡು ಮೇಣದ ಬತ್ತಿಯಿಂದ ಮೂರನೆಯದನ್ನು ಹೊತ್ತಿಸುವುದು ಇಂಥವನ್ನು ತರುವವರಿದ್ದಾರೆ. ಅವುಗಳಲ್ಲಿ ಕೆಟ್ಟದ್ದೇನಿಲ್ಲ. ಆದರೆ ಹಿಂದಿನ ಸಾಲಿನಲ್ಲಿ ಕೂತ ಸೋದರತ್ತೆಗೆ ಅದರಲ್ಲಿ ಏನೂ ಕಾಣುವುದಿಲ್ಲ. ಅವರಿಗೆ ಕಾಣುವ, ಮೂಸಲು ಬರುವ, ಕೈಯಾರೆ ಮುಟ್ಟಲು ಬರುವ ವಸ್ತುಗಳು ನಮ್ಮಲ್ಲೇ ಧಾರಾಳವಾಗಿವೆ. ಪ್ರತಿಯೊಂದು ಶಾಸ್ತ್ರದ ಮುಂದೆಯೂ ಎರಡು ಪ್ರಶ್ನೆ ಇಟ್ಟುಕೊಂಡರೆ ಸಾಕು: ಇದರ ಅರ್ಥವನ್ನು ನಾವು ಪ್ರಾಮಾಣಿಕವಾಗಿ ಎಲ್ಲರೆದುರು ಹೇಳಬಲ್ಲೆವೆ? ಇದು ಯಾರನ್ನಾದರೂ ಕೀಳುಮಾಡುತ್ತದೆಯೆ, ಹೊರಗಿಡುತ್ತದೆಯೆ?

ಜೀರಿಗೆ ಬೆಲ್ಲ ಈ ಪರೀಕ್ಷೆಯಲ್ಲಿ ಸುಲಭವಾಗಿ ಗೆಲ್ಲುತ್ತದೆ. ತೆಲುಗು ಮದುವೆಯಲ್ಲಿ ಮುಹೂರ್ತದ ಕ್ಷಣವೆಂದರೆ ಇದೇ. ಜೀರಿಗೆ ಬೆಲ್ಲ ಅರೆದು, ವೀಳ್ಯದೆಲೆಯಲ್ಲಿಟ್ಟು, ಒಬ್ಬರ ತಲೆಯ ಮೇಲೆ ಒಬ್ಬರು ಇಡುತ್ತಾರೆ. ಗಡಿಸೀಮೆಯ ಅನೇಕ ಕನ್ನಡ ಮನೆಗಳಿಗೂ ಇದು ಗೊತ್ತು. ಬೆಲ್ಲದ ವ್ಯಾಪಾರಕ್ಕೆ ಹೆಸರಾದ ಹಿಂದೂಪುರದಲ್ಲಿ ಇದಕ್ಕಿಂತ ಹತ್ತಿರದ ವಸ್ತು ಬೇರೆ ಬೇಕೆ? ಗಂಡು ಹೆಣ್ಣು ಇಬ್ಬರೂ ಸರಿಸಮನಾಗಿ ಮಾಡುವ ಕ್ರಿಯೆಯಿದು. ಒಗರೂ ಸಿಹಿಯೂ ಬೇರೆ ಮಾಡಲಾಗದಂತೆ ಬೆರೆತಿವೆ ಎಂಬ ಒಂದು ಮಾತು ಸಾಕು, ಇಡೀ ಸಭೆಗೆ ಅರ್ಥವಾಗುತ್ತದೆ.

ಧಾರೆಯ ವಿಷಯ ಹಾಗಲ್ಲ. ಕನ್ಯಾದಾನದಲ್ಲಿ ಮಗಳು ಕೊಡುವ ವಸ್ತುವಾಗುತ್ತಾಳೆ. ಓದಿದ, ದುಡಿಯುವ ಹುಡುಗಿ ಈ ಅರ್ಥವನ್ನು ಮನಸಾರೆ ಹೇಳಲಾರಳು. ಆದರೆ ನೀರು ಎರೆಯುವ ಕ್ರಿಯೆ ತಾನೇ ಸೊಗಸಾದದ್ದು, ಅದನ್ನು ಬಿಡಬೇಕಾಗಿಲ್ಲ. ನಂದಿಬೆಟ್ಟದ ಕಡೆ ಹುಟ್ಟುವ ಪೆನ್ನಾ ಗೌರಿಬಿದನೂರು ಸೀಮೆ ದಾಟಿ ಹಿಂದೂಪುರದ ಕಡೆ ಹರಿಯುತ್ತದೆ. ಚಿತ್ರದುರ್ಗದ ನೆಲದಿಂದ ಬರುವ ವೇದಾವತಿ ಕಲ್ಯಾಣದುರ್ಗ, ರಾಯದುರ್ಗದ ಸೀಮೆಗೆ ಸೇರಿದ ಹೊಳೆ. ಎರಡೂ ಕನ್ನಡ ನೆಲದಿಂದ ತೆಲುಗು ನೆಲಕ್ಕೆ ಬಂದ ನೀರು. ಎರಡೂ ಮನೆಯ ತಂದೆತಾಯಂದಿರು ತಮ್ಮ ತಮ್ಮ ಊರಿನ ನೀರು ತಂದು ಒಂದೇ ಬಿಂದಿಗೆಗೆ ಎರೆಯಲಿ. ಇಬ್ಬರೂ ಮಕ್ಕಳನ್ನು ಕಳಿಸಿಕೊಡುತ್ತಿದ್ದಾರೆ, ಇಬ್ಬರೂ ಬರಮಾಡಿಕೊಳ್ಳುತ್ತಿದ್ದಾರೆ ಎಂಬ ಅರ್ಥ ತಾನಾಗಿಯೇ ಬರುತ್ತದೆ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಕಾಣುವ ಬರದ ಸೀಮೆಯಲ್ಲಿ ಆ ನೀರು ನೆಲಕ್ಕೆ ಚೆಲ್ಲಿಹೋಗಬಾರದು. ವಧೂವರರು ಅದನ್ನು ಒಂದು ಹೊಂಗೆಯ ಅಥವಾ ಬೇವಿನ ಸಸಿಗೆ ಹಾಕಲಿ.

ಮಾಂಗಲ್ಯದ ಬಗ್ಗೆ ಒಂದೇ ತೀರ್ಪು ಕೊಡಲಾಗದು. ಹೆಣ್ಣಿಗೆ ಮಾತ್ರ ಗುರುತು ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಹಾಗೆಯೇ ಅಜ್ಜಿಯ ತಾಳಿಯನ್ನು ಪ್ರೀತಿಯಿಂದ ಧರಿಸಬಯಸುವ ಹುಡುಗಿಯನ್ನು ತಡೆಯುವ ಹಕ್ಕೂ ಯಾರಿಗೂ ಇಲ್ಲ. ನಿರ್ಧಾರ ಅವಳದೇ ಆಗಿರಬೇಕು, ಅತ್ತೆಮನೆಯದೂ ಅಲ್ಲ, ವಿಚಾರವಾದಿ ಗೆಳೆಯರದೂ ಅಲ್ಲ. ಬೇಡವೆನ್ನುವವರಿಗೆ ಹಾರ ಮತ್ತು ಉಂಗುರ ಇದ್ದೇ ಇವೆ.

ಸಪ್ತಪದಿಯನ್ನು ಬೆಂಕಿಯಿಲ್ಲದೆ, ಹಿರಿಯರ ಎದುರು ಏಳು ಹೆಜ್ಜೆಯಾಗಿ ಇಟ್ಟುಕೊಳ್ಳಬಹುದು. ಪ್ರತಿ ಹೆಜ್ಜೆಗೂ ತಾವೇ ಬರೆದ ಒಂದು ಮಾತು. ಇಲ್ಲಿ ಕವಿತೆಯ ಹಂಬಲ ಬೇಡ. "ಜನ್ಮಜನ್ಮಕ್ಕೂ ಜೊತೆಗಿರುತ್ತೇನೆ" ಎಂಬ ಮಾತನ್ನು ಯಾರೂ ಪರೀಕ್ಷಿಸಲಾರರು. "ನನ್ನ ಸಂಬಳವನ್ನೂ ಸಾಲವನ್ನೂ ನಿನ್ನಿಂದ ಮುಚ್ಚಿಡುವುದಿಲ್ಲ", "ಅಡುಗೆಮನೆ ಇಬ್ಬರದು", "ನಿನ್ನ ಅಪ್ಪ ಅಮ್ಮನ ಕಾಯಿಲೆ ಕಸಾಲೆ ನನ್ನದೂ ಹೌದು", "ನಿನ್ನ ಓದು, ಕೆಲಸ ನಿಲ್ಲಿಸು ಎಂದು ಹೇಳುವುದಿಲ್ಲ", "ಸಿಟ್ಟಿನಲ್ಲಿ ಕೈಯೆತ್ತುವುದಿಲ್ಲ", "ಮಕ್ಕಳ ವಿಷಯ ಇಬ್ಬರೂ ಕೂತು ನಿರ್ಧರಿಸುತ್ತೇವೆ", "ಮನಸ್ತಾಪವಾದರೆ ಮೊದಲು ನಿನ್ನೊಡನೆಯೇ ಮಾತಾಡುತ್ತೇನೆ": ಇವು ದಿನದಿನವೂ ಪರೀಕ್ಷೆಗೆ ನಿಲ್ಲುವ ಮಾತುಗಳು. ಇಬ್ಬರೂ ಒಂದೇ ಮಾತುಗಳನ್ನು ಹೇಳಬೇಕು. ಗಂಡಿಗೊಂದು ಪಾಠ, ಹೆಣ್ಣಿಗೊಂದು ಪಾಠ ಇರಬಾರದು.

ಅರುಂಧತಿ ನಕ್ಷತ್ರ ತೋರಿಸುವ ಶಾಸ್ತ್ರವನ್ನು ಹೆಚ್ಚಿನ ಮದುವೆಗಳಲ್ಲಿ ಹಾಡಹಗಲಲ್ಲೇ ಮುಗಿಸುತ್ತಾರೆ, ನಕ್ಷತ್ರ ಕಾಣಿಸುವುದಿಲ್ಲ. ಸಂಜೆಯ ಮದುವೆಯಾದರೆ ನಿಜವಾಗಿಯೂ ನೋಡಬಹುದು. ಏಪ್ರಿಲ್, ಮೇ ತಿಂಗಳ ರಾತ್ರಿ ಉತ್ತರದಲ್ಲಿ ಸಪ್ತರ್ಷಿ ಮಂಡಲ ಮೇಲೇರಿರುತ್ತದೆ. ಅದರ ಬಾಲದ ನಡುವಿನ ನಕ್ಷತ್ರ ವಸಿಷ್ಠ, ಅದಕ್ಕಂಟಿಕೊಂಡಂತೆ ಮಸುಕಾಗಿ ಕಾಣುವುದು ಅರುಂಧತಿ. ಎರಡೂ ನಮ್ಮಿಂದ ಸುಮಾರು 80 ಜ್ಯೋತಿರ್ವರ್ಷ ದೂರ. ಊಟ ಮುಗಿಸಿದ ಮಕ್ಕಳನ್ನೆಲ್ಲ ಕರೆದು, ಊರಿನ ವಿಜ್ಞಾನದ ಮೇಷ್ಟ್ರ ಕೈಯಲ್ಲಿ ತೋರಿಸಿದರೆ, ಆ ಮಕ್ಕಳು ಆ ಮದುವೆಯನ್ನು ಜನ್ಮದಲ್ಲಿ ಮರೆಯಲಾರರು.

ವೇದಿಕೆಯ ಮೇಲೆ ಯಾರು?

ಧಾರ್ಮಿಕವಲ್ಲದ ಮದುವೆಯ ಪರವಾಗಿ ನನಗೆ ಅತಿ ದೊಡ್ಡದಾಗಿ ಕಾಣುವ ವಾದ ಬೇರೆಯೇ ಇದೆ. ನಮ್ಮ ಮದುವೆಗಳಲ್ಲಿ ಶುಭಕಾರ್ಯಕ್ಕೆ ಮುತ್ತೈದೆಯರೇ ಆಗಬೇಕು. ಅರಿಸಿನ ಕುಟ್ಟುವುದರಿಂದ ಆರತಿ ಬೆಳಗುವವರೆಗೆ ಗಂಡನನ್ನು ಕಳೆದುಕೊಂಡ ಹೆಂಗಸಿಗೆ ಪಾಲಿಲ್ಲ. ಕೂಲಿ ಮಾಡಿಯೋ, ಕಡಲೆಕಾಯಿ ಹೊಲದಲ್ಲಿ ಬೆನ್ನು ಬಗ್ಗಿಸಿಯೋ, ಒಬ್ಬಳೇ ಮಕ್ಕಳನ್ನು ಸಾಕಿ ಓದಿಸಿದ ತಾಯಿ, ತನ್ನ ಮಗಳ ಮದುವೆಯ ದಿನ ಕಂಬದ ಹಿಂದೆ ನಿಲ್ಲುತ್ತಾಳೆ. ಯಾರೂ ಅವಳನ್ನು ದೂರ ತಳ್ಳಬೇಕಾಗಿಲ್ಲ, ತನ್ನ ನೆರಳು ಬೀಳಬಾರದೆಂದು ಅವಳೇ ಸರಿದುಹೋಗುತ್ತಾಳೆ. ಕಂದುಕೂರಿ ವೀರೇಶಲಿಂಗಂ ರಾಜಮಹೇಂದ್ರಿಯಲ್ಲಿ ಮೊದಲ ವಿಧವಾ ವಿವಾಹ ಮಾಡಿಸಿದ್ದು 1881ರಲ್ಲಿ. ಅಂದಿನಿಂದ ಇಂದಿನವರೆಗೂ ಈ ಒಂದು ನೋವು ನಮ್ಮ ಚಪ್ಪರಗಳಲ್ಲಿ ಉಳಿದುಕೊಂಡೇ ಬಂದಿದೆ.

ಸ್ವಂತವಾಗಿ ಕಟ್ಟಿದ ಮದುವೆಯಲ್ಲಿ ಆ ತಾಯಿ ನಡುವೇದಿಕೆಯಲ್ಲಿ ನಿಲ್ಲಬೇಕು. ಮೊದಲ ನೀರು ಅವಳ ಕೈಯಿಂದ ಬೀಳಬೇಕು, ಮೊದಲ ಅಕ್ಷತೆ ಅವಳದಾಗಬೇಕು. ಹೆಂಡತಿಯನ್ನು ಕಳೆದುಕೊಂಡ ಅಪ್ಪ, ಮದುವೆಯಾಗದ ಅತ್ತೆ, ಗಂಡನಿಂದ ಬೇರೆಯಾದ ಅಕ್ಕ, ಎಲ್ಲರಿಗೂ ಅಲ್ಲಿ ಕೆಲಸವಿರಬೇಕು. ಇಷ್ಟನ್ನು ಮಾಡದೆ ಬರೀ ಹೋಮ ಬಿಟ್ಟವರು ಬಿಟ್ಟದ್ದು ಹೊಗೆಯನ್ನು ಮಾತ್ರ.

ವರದಕ್ಷಿಣೆಯ ಬಗ್ಗೆಯೂ ಅಷ್ಟೇ ಖಂಡಿತವಾಗಿ ಹೇಳಬೇಕು. 1961ರ ಕಾಯ್ದೆ ಅದನ್ನು ಕೊಡುವುದನ್ನೂ ತೆಗೆದುಕೊಳ್ಳುವುದನ್ನೂ ಅಪರಾಧವೆಂದಿದೆ. ಮಂತ್ರ ಬೇಡ ಎಂದು ಹೇಳಿ, ಬೈಕು, ಬಂಗಾರ, ನಿವೇಶನದ ಮಾತನ್ನು ಒಳಮನೆಯಲ್ಲಿ ಮುಗಿಸಿದರೆ ಆ ಮದುವೆಯ ಯಾವ ಪ್ರತಿಜ್ಞೆಗೂ ಬೆಲೆಯಿಲ್ಲ. ಮುಹೂರ್ತದ ಹಂಗಿಲ್ಲದವರಿಗೆ ಖರ್ಚು ಕಡಿಮೆ ಮಾಡುವ ದಾರಿಯೂ ತೆರೆದಿರುತ್ತದೆ. ಆಷಾಢದಲ್ಲಿ, ಧನುರ್ಮಾಸದಲ್ಲಿ ಕಲ್ಯಾಣಮಂಟಪಗಳು ಖಾಲಿ ಇರುತ್ತವೆ, ಅಡುಗೆಯವರೂ ಸಿಗುತ್ತಾರೆ.

ಎರಡು ಭಾಷೆ, ಒಂದು ಸಭೆ

ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ, ರಾಯದುರ್ಗದ ಸೀಮೆಯಲ್ಲಿ ಎರಡು ಭಾಷೆ ತಿಳಿದವರಿಗೆ ಕೊರತೆಯಿಲ್ಲ. ಕಲ್ಯಾಣದುರ್ಗದ ಕಡೆಯ ರಾಳ್ಲಪಲ್ಲಿಯಲ್ಲಿ ಹುಟ್ಟಿದ ಅನಂತಕೃಷ್ಣ ಶರ್ಮರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ದಶಕಗಳ ಕಾಲ ತೆಲುಗು ಕಲಿಸಿ, ಕನ್ನಡದಲ್ಲೂ ಅಷ್ಟೇ ಅಧಿಕಾರದಿಂದ ಬರೆದರು. ಆ ಮಣ್ಣಿನ ಗುಣವನ್ನು ಮದುವೆಯೂ ಬಳಸಿಕೊಳ್ಳಲಿ. ಒಂದು ಕಡೆಯ ಹಿರಿಯರೊಬ್ಬರು ಕನ್ನಡದಲ್ಲಿ, ಇನ್ನೊಂದು ಕಡೆಯವರು ತೆಲುಗಿನಲ್ಲಿ ನಡೆಸಿಕೊಡಲಿ. ಅವರಲ್ಲಿ ಒಬ್ಬರಾದರೂ ಹೆಂಗಸಾಗಿರಲಿ. ಪ್ರತಿ ಮಾತನ್ನೂ ಎರಡೆರಡು ಸಲ ಹೇಳಿದರೆ ಸಭೆ ಬೇಸರಪಡುತ್ತದೆ. ಶಾಸ್ತ್ರದ ಅರ್ಥವನ್ನು ಒಂದರಲ್ಲಿ, ಮುಂದಿನದನ್ನು ಇನ್ನೊಂದರಲ್ಲಿ ಹೇಳುತ್ತ ಹೋಗಿ, ಪ್ರತಿಜ್ಞೆಯನ್ನು ಮಾತ್ರ ಎರಡರಲ್ಲೂ ಹೇಳಿದರೆ ಸಾಕು. ವಧು ವರನ ಭಾಷೆಯಲ್ಲಿ, ವರ ವಧುವಿನ ಭಾಷೆಯಲ್ಲಿ ಒಂದೊಂದು ಮಾತು ಆಡಿದರೆ ಎರಡೂ ಬೀಗರ ಮನಸ್ಸು ಗೆಲ್ಲಲು ಬೇರೆ ಉಪಾಯ ಬೇಕಿಲ್ಲ.

ಇಡೀ ಕಾರ್ಯಕ್ರಮ ಮುಕ್ಕಾಲು ಗಂಟೆ ಮೀರಬಾರದು. ಸೋಬಾನೆ ಪದದೊಡನೆ ವಧೂವರರು ಬರುತ್ತಾರೆ. ನಡೆಸಿಕೊಡುವವರು, ಇವತ್ತು ಏನು ನಡೆಯಲಿದೆ, ಏಕೆ ಹೀಗೆ ಎಂದು ಎರಡು ನಿಮಿಷ ಹೇಳುತ್ತಾರೆ. ತಂದೆತಾಯಂದಿರು ನೀರೆರೆಯುತ್ತಾರೆ. ಏಳು ಹೆಜ್ಜೆ, ಏಳು ಮಾತು. ಬಳಿಕ ಅಧಿಕಾರಿ ಮತ್ತು ಸಾಕ್ಷಿಗಳ ಎದುರು ಕಾನೂನಿನ ಆ ವಾಕ್ಯ, ಜೀರಿಗೆ ಬೆಲ್ಲ, ಹಾರ. ಆ ಕ್ಷಣಕ್ಕೆ ಓಲಗದವರು ಗಟ್ಟಿಮೇಳ ಬಾರಿಸಲಿ. ಆಗ ಸಭೆಗೆ ತಾನಾಗಿಯೇ ತಿಳಿಯುತ್ತದೆ, ಅಕ್ಷತೆ ಹಾಕುವುದು ಈಗಲೇ ಎಂದು. ಕೊನೆಗೆ ಸಹಿ, ಆಮೇಲೆ ಊಟ. ಅಧಿಕಾರಿ ಮಂಟಪಕ್ಕೆ ಬರುವುದು ಹೊಂದದಿದ್ದರೆ ಬೆಳಿಗ್ಗೆ ಕಚೇರಿಯಲ್ಲಿ ಕಾನೂನಿನ ಕೆಲಸ ಮುಗಿಸಿ, ಸಭೆಯಲ್ಲಿ ಅದೇ ಮಾತನ್ನು ಮತ್ತೆ ಹೇಳಬಹುದು.

ಮನೆಯ ಹಿರಿಯರು ಹಿಂದಿನ ದಿನ ಮನೆದೇವರಿಗೆ ಕಾಯಿ ಒಡೆಯಬೇಕೆಂದರೆ ತಡೆಯಬೇಡಿ, ಅದು ಅವರ ನಂಬಿಕೆ. ನಂಬದ ಮಾತನ್ನು ನೀವು ಆಡುವುದಿಲ್ಲ, ಅವರ ನಂಬಿಕೆಯನ್ನು ನೀವು ಹಂಗಿಸುವುದಿಲ್ಲ ಎಂಬ ಒಪ್ಪಂದ ಸಾಕು. ಮದುವೆಯ ವೇದಿಕೆ ದೇವರಿದ್ದಾನೋ ಇಲ್ಲವೋ ಎಂಬ ಚರ್ಚೆಗೆ ಜಾಗವಲ್ಲ.

"ನಾವೇ ಕಟ್ಟಿಕೊಂಡ ಶಾಸ್ತ್ರಕ್ಕೆ ಏನು ತೂಕ?" ಎಂದು ಕೇಳುವವರಿದ್ದಾರೆ. ಎಲ್ಲ ಶಾಸ್ತ್ರಗಳೂ ಯಾರೋ ಒಂದು ಕಾಲದಲ್ಲಿ ಕಟ್ಟಿದವೇ. ಒಂದು ಜಾತಿಯ ಮುಹೂರ್ತದ ಕ್ರಿಯೆ ಇನ್ನೊಂದರಲ್ಲಿ ಇಲ್ಲವೇ ಇಲ್ಲ. ಸ್ಕಾಟ್ಲೆಂಡಿನಲ್ಲಿ 2005ರಿಂದ ಮಾನವತಾವಾದಿಗಳು ನಡೆಸಿಕೊಡುವ ಮದುವೆಗೆ ಕಾನೂನಿನ ಮಾನ್ಯತೆಯಿದೆ, ಈಗ ಅಲ್ಲಿ ಅದು ತೀರ ಸಾಮಾನ್ಯ. ಶಾಸ್ತ್ರಕ್ಕೆ ತೂಕ ಬರುವುದು ಅದರ ವಯಸ್ಸಿನಿಂದ ಮಾತ್ರವಲ್ಲ, ಅದನ್ನು ಮಾಡುವವರ ಮನಸ್ಸು ಅದರಲ್ಲಿ ಎಷ್ಟಿದೆ ಎಂಬುದರಿಂದ.

ಆದ್ದರಿಂದ ಇಂಥ ಮದುವೆಗೆ ಹೊರಟವರು ಮೊದಲು ಮಾಡಬೇಕಾದ ಕೆಲಸ ಎರಡು. ಕಾನೂನಿನ ನೋಟಿಸಿಗೆ ಬೇಕಾದ ದಿನಗಳನ್ನು ಎಣಿಸಿ ದಿನಾಂಕ ಗೊತ್ತುಮಾಡಿಕೊಳ್ಳಿ. ಆಮೇಲೆ ಇಬ್ಬರೂ ಕೂತು ನಿಮ್ಮ ಏಳು ಮಾತುಗಳನ್ನು ಬರೆದು, ಎರಡೂ ಮನೆಯ ಹಿರಿಯರಿಗೆ ಓದಿ ಹೇಳಿ. ಅವರು ಒಂದೆರಡನ್ನು ತಿದ್ದುತ್ತಾರೆ, ಬಾಳಿ ಬದುಕಿದ ಅವರ ತಿದ್ದುಪಡಿ ಹಲವು ಸಲ ನಿಮ್ಮ ಮಾತಿಗಿಂತ ಗಟ್ಟಿಯಾಗಿರುತ್ತದೆ. ಅರ್ಥ ತಿಳಿಯದ ಮಂತ್ರಕ್ಕೆ ಸಾವಿರ ಜನ ತಲೆದೂಗಬಹುದು, ನಾಳೆ ಅದರ ಹೆಸರಿನಲ್ಲಿ ಯಾರೂ ಯಾರನ್ನೂ ಪ್ರಶ್ನಿಸಲಾರರು. ಅರ್ಥವಾದ ಮಾತು ಹಾಗಲ್ಲ. ಹತ್ತು ವರ್ಷದ ನಂತರವೂ ಹೆಂಡತಿ ಗಂಡನಿಗೆ, ಗಂಡ ಹೆಂಡತಿಗೆ, "ಅಂದು ಎಲ್ಲರೆದುರು ನೀನು ಹೀಗೆ ಹೇಳಿದ್ದೆ" ಎಂದು ಕೇಳಬಹುದು. ಕೇಳಿಸಿಕೊಂಡಿದ್ದ ಸೋದರತ್ತೆಯೂ "ಹೌದು, ಹೇಳಿದ್ದೆ" ಎನ್ನಬಹುದು. ಹೀಗೆ ಕೇಳುವ ಹಕ್ಕನ್ನು ಇಬ್ಬರಿಗೂ ಸಮನಾಗಿ ಕೊಡುವ ಮದುವೆಯೇ ಗಟ್ಟಿಯಾದ ಮದುವೆ.